ಮನೆ ಕಾರಿಗೆ ಪೆಟ್ರೋಲೋ ಡೀಸೆಲ್ಲೋ: ಒಳಗಿನ ಕಾರಣ ಗೊತ್ತಿದ್ದವರು ಹೇಳಿ (ಚರ್ಚೆ; ಪ್ರತಿ ಮಾತಿನ ಮೇಲಿರೋದು ಬರೆದವರ ಅಡ್ಡಹೆಸರು)

ನಾಲ್ಕನೇ ಗೇರ್

ಐದು ಜನರ ಮನೆಗೆ ಒಂದು ಕಾರು ಬೇಕು. ಒಂದೇ ಮಾಡೆಲ್‌ನಲ್ಲಿ ಎರಡು ಎಂಜಿನ್ ಇದೆ: ಟರ್ಬೊ (ಗಾಳಿಯನ್ನ ಒತ್ತಿ ಎಂಜಿನ್ನಿಗೆ ತುಂಬೋ ಸಾಧನ) ಇಲ್ಲದ 1.2 ಲೀಟರ್ ಪೆಟ್ರೋಲ್, 115 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸೋ ಬಲ); 1.5 ಲೀಟರ್ ಟರ್ಬೊ ಡೀಸೆಲ್, 250 ನ್ಯೂಟನ್ ಮೀಟರ್. ಎರಡೂ ಮ್ಯಾನ್ಯುಯಲ್ ಗೇರ್. ಓಡಾಟ ಇಷ್ಟು: ತಿಂಗಳಲ್ಲಿ 25 ದಿನ, ದಿನಾ 6 ಕಿ.ಮೀ. ಹೋಗೋದು, 6 ಕಿ.ಮೀ. ಬರೋದು, ಪೂರ್ತಿ ಊರೊಳಗೆ. ತಿಂಗಳಿಗೊಮ್ಮೆ ಹೋಗಿಬಂದು 600 ಕಿ.ಮೀ. ಹೆದ್ದಾರಿ, ಅದರಲ್ಲಿ ಒಂದಷ್ಟು ಏರುದಾರಿ. ವರ್ಷಕ್ಕೆ 10,800 ಕಿ.ಮೀ. ಆಯ್ತು. 8 ವರ್ಷ ಇಟ್ಕೊಳ್ಳೋ ಯೋಚನೆ.

"ಇಷ್ಟು ಸಾವಿರ ಕಿ.ಮೀ. ದಾಟಿದ್ರೆ ಡೀಸೆಲ್ ತಗೊಳ್ಳಿ" ಅನ್ನೋ ಒಂದು ಸಾಲಿನ ಉತ್ತರ ಎಲ್ಲ ಕಡೆ ಸಿಗುತ್ತೆ. ಯಾಕೆ ಅಂತ ಯಾರೂ ಹೇಳಲ್ಲ.

ಲೆಕ್ಕದ ಪುಸ್ತಕ

ಮೊದಲು ಲೆಕ್ಕ ಮುಗಿಸೋಣ. ದರ ಊರಿಗೊಂದು, ದಿನಕ್ಕೊಂದು. ಹಾಗಾಗಿ ಎಲ್ಲವನ್ನೂ "ಪೆಟ್ರೋಲ್ ಲೀಟರ್" ಲೆಕ್ಕಕ್ಕೆ ತರುತ್ತೇನೆ. ಡೀಸೆಲ್ ಕಾರಿಗೆ ಎಷ್ಟು ಹೆಚ್ಚು ಕೊಡಬೇಕೋ ಅದನ್ನು ಒಂದು ಲೀಟರ್ ಪೆಟ್ರೋಲಿನ ದರದಿಂದ ಭಾಗಿಸಿ. 1,200 ಬಂತು ಅಂದುಕೊಳ್ಳಿ. ಡೀಸೆಲ್ ದರ ಪೆಟ್ರೋಲಿನ ಶೇ. 90 ಅಂತಿಟ್ಟುಕೊಳ್ಳಿ. ಸರ್ವಿಸ್‌ನಲ್ಲಿ ಡೀಸೆಲ್‌ಗೆ ಪ್ರತಿ 10,000 ಕಿ.ಮೀ.ಗೆ 40 ಲೀಟರ್ ಪೆಟ್ರೋಲಿನಷ್ಟು ಹೆಚ್ಚು ಖರ್ಚು ಅಂತ ಹಿಡಿಯಿರಿ.

ಇಂಧನ: ಊರೊಳಗೆ 100 ಕಿ.ಮೀ.ಗೆ ಪೆಟ್ರೋಲ್ 8.5 ಲೀಟರ್, ಡೀಸೆಲ್ 6.5. ಹೆದ್ದಾರಿಯಲ್ಲಿ 5.8 ಮತ್ತು 4.6. ನಿಮ್ಮ 3,600 ಕಿ.ಮೀ. ಊರು, 7,200 ಹೆದ್ದಾರಿಗೆ ವರ್ಷಕ್ಕೆ ಪೆಟ್ರೋಲ್ 724 ಲೀಟರ್ ಆಗುತ್ತೆ. ಡೀಸೆಲ್ 565 ಲೀಟರ್, ಅಂದ್ರೆ ಬೆಲೆಯಲ್ಲಿ 509 ಲೀಟರ್ ಪೆಟ್ರೋಲಿಗೆ ಸಮ. ಉಳಿತಾಯ 215, ಸರ್ವಿಸ್‌ನ 43 ಕಳೆದರೆ 172. 1,200 ವಾಪಸ್ ಬರೋಕೆ 7 ವರ್ಷ. ನೀವು ಇಟ್ಟುಕೊಳ್ಳೋದು 8 ವರ್ಷ. ಎರಡೂ ದರ ಒಂದೇ ಇರುವ ಊರಾದ್ರೆ 10 ವರ್ಷ ದಾಟುತ್ತೆ.

ಇನ್ನೊಂದು: ಲೀಟರಿಗೆ ಎಷ್ಟು ಕಿ.ಮೀ. ಅಂತ ನೋಡಿ ಮೋಸ ಹೋಗಬೇಡಿ. 10ರಿಂದ 12ಕ್ಕೆ ಏರಿದ್ರೆ 100 ಕಿ.ಮೀ.ಗೆ 1.67 ಲೀಟರ್ ಉಳಿಯುತ್ತೆ. 20ರಿಂದ 25ಕ್ಕೆ ಏರಿದ್ರೆ ಬರೀ 1 ಲೀಟರ್. ನೋಡೋಕೆ ದೊಡ್ಡದು ಎರಡನೆಯದು, ಜೇಬಿಗೆ ದೊಡ್ಡದು ಮೊದಲನೆಯದು.

ಹಳೇ ಪಾನಾ

ಲೆಕ್ಕ ಸರಿ ಇದೆ, ಊರೊಳಗಿನ 6.5 ಸರಿ ಇಲ್ಲ. ಅದು ಬಿಸಿ ಎಂಜಿನ್ನಿನ ಅಂಕಿ. 6 ಕಿ.ಮೀ. ಓಡೋಷ್ಟರಲ್ಲಿ ಡೀಸೆಲ್ ಬಿಸಿನೇ ಆಗಿರಲ್ಲ. ಪೆಟ್ರೋಲಿಗಿಂತ ಇದು ನಿಧಾನವಾಗಿ ಬಿಸಿ ಆಗುತ್ತೆ, ಯಾಕಂದ್ರೆ ಸುಟ್ಟಿದ್ದರಲ್ಲಿ ಹೆಚ್ಚು ಪಾಲು ಕೆಲಸಕ್ಕೆ ಹೋಗುತ್ತೆ, ಕೂಲೆಂಟ್‌ಗೆ (ಎಂಜಿನ್ ತಂಪಿಡೋ ದ್ರವ) ಹೋಗೋದು ಕಮ್ಮಿ. ಮೇಲಿಂದ ಬ್ಲಾಕ್ ತೂಕ ಜಾಸ್ತಿ. ಮೀಟರಿನಲ್ಲಿ ಕೂಲೆಂಟ್ ಮುಳ್ಳು ನಡುವಿಗೆ ಬಂದ್ರೂ ಎಂಜಿನ್ ಆಯಿಲ್ ಇನ್ನೂ ಹಿಂದೇ ಇರುತ್ತೆ. ಊರೊಳಗಿನ ಅಂಕಿ 8 ಅಂತ ಹಾಕಿ ನೋಡಿ.

ಲೆಕ್ಕದ ಪುಸ್ತಕ

8 ಹಾಕಿದ್ರೆ ಉಳಿತಾಯ 172ರಿಂದ 123ಕ್ಕೆ ಇಳಿಯುತ್ತೆ. 9.7 ವರ್ಷ. ಅಂದ್ರೆ ಕಾರು ಮಾರಿದ ಮೇಲೆ ಲಾಭ.

ಹಳೇ ಪಾನಾ

ಅದೇ ಹೇಳಿದ್ದು. ವರ್ಷಕ್ಕೆ ಎಷ್ಟು ಕಿ.ಮೀ. ಅನ್ನೋದು ಎರಡನೇ ಪ್ರಶ್ನೆ. ಒಂದು ಸಲ ಸ್ಟಾರ್ಟ್ ಮಾಡಿದ್ರೆ ಆಫ್ ಮಾಡೋದು ಎಷ್ಟು ನಿಮಿಷದ ಮೇಲೆ? ಅದು ಮೊದಲನೇ ಪ್ರಶ್ನೆ. ದಿನಕ್ಕೆ ಒಂದೇ ಸಲ 40 ಕಿ.ಮೀ. ಓಡೋ ಕಾರು, ದಿನಕ್ಕೆ ಎಂಟು ಸಲ 5 ಕಿ.ಮೀ. ಓಡೋ ಕಾರು, ಎರಡರ ಓಡೋಮೀಟರ್ ಒಂದೇ. ಒಳಗಿನ ಡಿಪಿಎಫ್ ಬೇರೆ ಬೇರೆ ಕಥೆ ಹೇಳುತ್ತೆ.

ಡಿಪಿಎಫ್ ಅಂದ್ರೆ ಸೈಲೆನ್ಸರ್ ಸಾಲಿನಲ್ಲಿ ಇರೋ ಮಸಿ ಹಿಡಿಯೋ ಫಿಲ್ಟರ್. ಸೆರಾಮಿಕ್ ಜೇನುಗೂಡು, ಒಂದು ಬಿಟ್ಟು ಒಂದು ಕಾಲುವೆಯ ಬಾಯಿ ಮುಚ್ಚಿರುತ್ತೆ. ಹೊಗೆ ಗೋಡೆ ತೂರಿ ಹೋಗಬೇಕು, ಮಸಿ ಈ ಕಡೆ ನಿಲ್ಲುತ್ತೆ. ಹೆದ್ದಾರಿಯಲ್ಲಿ ಹೊಗೆಯ ಶಾಖ 350 ಡಿಗ್ರಿ ದಾಟಿದ್ರೆ ಮಸಿ ತಾನಾಗೇ ನಿಧಾನವಾಗಿ ಸುಡುತ್ತೆ. ಊರೊಳಗೆ ಅಷ್ಟು ಶಾಖ ಬರಲ್ಲ, ಮಸಿ ಕೂಡಿ ಕೂಡಿ ಬರುತ್ತೆ. ಒಂದು ಮಟ್ಟ ಮುಟ್ಟಿದಾಗ ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ತಾನೇ ರೀಜನರೇಷನ್, ಅಂದ್ರೆ ಮಸಿ ಸುಟ್ಟು ಫಿಲ್ಟರ್ ಖಾಲಿ ಮಾಡೋ ಕೆಲಸ, ಶುರು ಮಾಡುತ್ತೆ. ಪಿಸ್ಟನ್ ಕೆಳಗೆ ಇಳೀತಿರುವಾಗ ತಡವಾಗಿ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸಿ, ಅದು ಫಿಲ್ಟರಿಗೂ ಮೊದಲಿರೋ ಕ್ಯಾಟಲಿಸ್ಟ್‌ನಲ್ಲಿ ಉರಿದು, ಫಿಲ್ಟರ್ ಶಾಖವನ್ನ 550ರಿಂದ 650 ಡಿಗ್ರಿಗೆ ಏರಿಸುತ್ತೆ. ಇದಕ್ಕೆ 10ರಿಂದ 20 ನಿಮಿಷ ಬೇಕು, ನಡುವೆ ನಿಲ್ಲಿಸಬಾರದು.

ಆಗ್ತಿದೆ ಅಂತ ಗೊತ್ತಾಗೋದು ಹೀಗೆ: ಐಡ್ಲಿಂಗ್ 800ರಿಂದ 1,000ದ ಹತ್ತಿರ ಏರಿರುತ್ತೆ. ಸ್ಟಾರ್ಟ್-ಸ್ಟಾಪ್ ಕೆಲಸ ಮಾಡಲ್ಲ. ಸದ್ಯದ ಮೈಲೇಜ್ ತೋರಿಸೋ ಅಂಕಿ ಕುಸಿದಿರುತ್ತೆ. ಗಾಡಿ ಆಫ್ ಮಾಡಿದ್ಮೇಲೂ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗ್ತಾ ಇದ್ರೆ, ಅರ್ಧಕ್ಕೇ ನಿಲ್ಲಿಸಿರಬಹುದು.

ಎಣ್ಣೆ ಕಡ್ಡಿ

ಅರ್ಧಕ್ಕೆ ನಿಲ್ಲಿಸಿದ್ರೆ ಏನಾಗುತ್ತೆ ಅನ್ನೋದು ನನ್ನ ಪಾಲು. ತಡವಾಗಿ ಚಿಮ್ಮಿಸಿದ ಆ ಡೀಸೆಲ್ ಸ್ವಲ್ಪ ಸಿಲಿಂಡರ್ ಗೋಡೆಗೆ ಹತ್ತಿ, ಪಿಸ್ಟನ್ ರಿಂಗ್ ದಾಟಿ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಯುತ್ತೆ. ಪೆಟ್ರೋಲ್ ಕಾರಿನಲ್ಲೂ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ್ರೆ ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತೆ, ಆದ್ರೆ ಪೆಟ್ರೋಲ್ ಸುಮಾರು 30ರಿಂದ 200 ಡಿಗ್ರಿಯೊಳಗೆ ಆವಿಯಾಗೋ ವಸ್ತು. ಒಮ್ಮೆ ಅರ್ಧ ಗಂಟೆ ಓಡಿಸಿದ್ರೆ ಆಯಿಲ್‌ನಿಂದ ಬಹುಪಾಲು ಹೊರಟುಹೋಗುತ್ತೆ. ಡೀಸೆಲ್ 180ರಿಂದ 360. ಆಯಿಲ್ ಶಾಖ ಸಾಮಾನ್ಯವಾಗಿ 90ರಿಂದ 110. ಸೇರಿದ ಡೀಸೆಲ್ ಅಲ್ಲೇ ಉಳಿಯುತ್ತೆ.

ಹಾಗಾಗಿ ಡಿಪಿಎಫ್ ಇರೋ ಕಾರಿನಲ್ಲಿ ಡಿಪ್‌ಸ್ಟಿಕ್ ತೆಗೆದು ನೋಡೋದು ಆಯಿಲ್ ಇಳಿದಿದೆಯಾ ಅಂತ ಮಾತ್ರ ಅಲ್ಲ, ಏರಿದೆಯಾ ಅಂತಲೂ. ಸಮತಟ್ಟು ನೆಲ, ಆಫ್ ಮಾಡಿ 10 ನಿಮಿಷ, ಒರೆಸಿ ಮತ್ತೆ ಅದ್ದಿ. ಮಟ್ಟ ಮೇಲಿನ ಗುರುತು ದಾಟಿದ್ರೆ ಸರ್ವಿಸ್ ದಿನಕ್ಕೆ ಕಾಯಬೇಡಿ, ಬದಲಾಯಿಸಿ. ತೆಳ್ಳಗಾದ ಆಯಿಲ್ ಟರ್ಬೊ ಬೇರಿಂಗನ್ನೂ ಕ್ರ್ಯಾಂಕ್ ಬೇರಿಂಗನ್ನೂ ತಿನ್ನುತ್ತೆ. ಮಟ್ಟ ತೀರಾ ಏರಿದ್ರೆ ಎಂಜಿನ್ ಆ ಆಯಿಲನ್ನೇ ಬ್ರೀದರ್ (ಎಂಜಿನ್ ಒಳಗಿನ ಆವಿಯನ್ನ ಮತ್ತೆ ಗಾಳಿ ದಾರಿಗೆ ಒಯ್ಯೋ ಕೊಳವೆ) ದಾರಿಯಲ್ಲಿ ಎಳೆದು ಸುಡೋಕೆ ಶುರು ಮಾಡಬಹುದು. ಆಗ ಕೀ ತಿರುಗಿಸಿದ್ರೂ ಎಂಜಿನ್ ನಿಲ್ಲದೆ ಹೋಗಬಹುದು.

ಆಯಿಲ್ ಆಯ್ಕೆಯಲ್ಲಿ 5ಡಬ್ಲ್ಯು-30 ಅನ್ನೋ ದಪ್ಪದ ಅಂಕಿ ನೋಡಿ ಕೊಂಡ್ರೆ ಸಾಲದು. ಮಸಿ ಸುಡುತ್ತೆ, ಬೂದಿ ಸುಡಲ್ಲ. ಆಯಿಲ್‌ನಲ್ಲಿರೋ ಲೋಹದ ಅಂಶ ಬೂದಿಯಾಗಿ ಫಿಲ್ಟರಿನಲ್ಲಿ ಶಾಶ್ವತವಾಗಿ ಕೂರುತ್ತೆ. ಕ್ಯಾನ್ ಮೇಲೆ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಸಿ2 ಅಥವಾ ಸಿ3 ತರಹ "ಸಿ" ಗುಂಪಿನ ಗುರುತು ಇರಬೇಕು, ನಿಮ್ಮ ಮ್ಯಾನ್ಯುಯಲ್ ಯಾವುದು ಹೇಳುತ್ತೋ ಅದು. ಸಿ3ಯಲ್ಲಿ ಬೂದಿ ಅಂಶ ಶೇ. 0.8ರ ಒಳಗೆ. ಲಾರಿಗೆ ಹಾಕೋ ಆಯಿಲ್ ಅಗ್ಗಕ್ಕೆ ಸಿಕ್ಕಿತು ಅಂತ ಕಾರಿಗೆ ಸುರಿಯೋರು ಇದ್ದಾರೆ. ಕೇಳಬೇಡಿ.

ನಾಲ್ಕನೇ ಗೇರ್

ತಿಂಗಳಿಗೊಮ್ಮೆ 600 ಕಿ.ಮೀ. ಹೆದ್ದಾರಿ ಇದೆಯಲ್ಲ, ಅಲ್ಲಿ ಮಸಿ ಸುಟ್ಟುಹೋಗಲ್ವಾ?

ಹಳೇ ಪಾನಾ

ಹೋಗುತ್ತೆ. ನಿಮ್ಮದು ಫಿಲ್ಟರ್ ಸಾಯಿಸೋ ಓಡಾಟ ಅಂತ ನಾನು ಹೇಳಲ್ಲ. ಆರೋಗ್ಯವಾಗಿರೋ ಕಾರಿನಲ್ಲಿ ಎರಡು ರೀಜನರೇಷನ್ ನಡುವೆ ಸಾಧಾರಣವಾಗಿ 300ರಿಂದ 800 ಕಿ.ಮೀ. ಅಂತರ ಇರುತ್ತೆ. ಬರೀ ಚಿಕ್ಕ ಓಡಾಟ ಇದ್ರೆ ಅದು ಕುಗ್ಗುತ್ತೆ. ಎರಡು ಹೆದ್ದಾರಿ ಓಟದ ನಡುವೆ ನಿಮ್ಮ ಊರಿನ ಓಟ 300 ಕಿ.ಮೀ. ಹಾಗಾಗಿ ತಿಂಗಳ ಕೊನೆಯ ವಾರದಲ್ಲಿ ಯಾವುದೋ ಒಂದು 6 ಕಿ.ಮೀ. ಓಟದ ಮಧ್ಯೆ ಅದು ಶುರುವಾಗಬಹುದು, ಮನೆ ಮುಟ್ಟಿದಾಗ ಮುರಿಯಲೂಬಹುದು. ಮಾರನೇ ದಿನ ಮತ್ತೆ ಯತ್ನ, ಮತ್ತೆ ಆಯಿಲ್‌ಗೆ ಡೀಸೆಲ್. ಡೀಸೆಲ್ಲೇ ತಗೊಳ್ಳೋದಾದ್ರೆ ತಿಂಗಳ ನಡುವೆ ಒಂದು ಸಲ 25–30 ನಿಮಿಷ, 60 ಕಿ.ಮೀ. ವೇಗದ ಮೇಲೆ, 2,000 ಆರ್‌ಪಿಎಂ ಹತ್ತಿರ ಇಟ್ಟು ಓಡಿಸಿ. ಆಯಿಲನ್ನ ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಮೊದಲೇ ಬದಲಾಯಿಸಿ.

ಇಜಿಆರ್ ಮರೆತೆ. ನೈಟ್ರೋಜನ್ ಆಕ್ಸೈಡ್ ತಗ್ಗಿಸೋಕೆ ಸುಟ್ಟ ಹೊಗೆಯ ಒಂದು ಪಾಲನ್ನ ವಾಪಸ್ ಒಳಗೆ ಬಿಡುತ್ತಾರೆ. ಬ್ರೀದರ್‌ನಿಂದ ಬರೋ ಆಯಿಲ್ ಆವಿ, ಇದರ ಮಸಿ, ಎರಡೂ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ (ಎಂಜಿನ್ನಿಗೆ ಗಾಳಿ ಹೋಗೋ ಕೊಳವೆಗಳು) ಸೇರಿ ಡಾಂಬರಿನಂತೆ ಗಟ್ಟಿಯಾಗುತ್ತೆ. ಇಜಿಆರ್ ವಾಲ್ವ್ ಅರ್ಧ ತೆರೆದೇ ಸಿಕ್ಕಿಕೊಂಡ್ರೆ ಎಳೆತ ಕಮ್ಮಿ, ಕಪ್ಪು ಹೊಗೆ, ಅದರಿಂದ ಡಿಪಿಎಫ್ ಇನ್ನೂ ಬೇಗ ತುಂಬೋದು. ಫಿಲ್ಟರ್ ತುಂಬಿತು ಅಂತ ಬಂದ ಗಾಡಿಗೆ ಫಿಲ್ಟರ್ ಮಾತ್ರ ತೊಳೆದು ಕಳಿಸಿದ್ರೆ ವಾಪಸ್ ಬರೋದು ಇದಕ್ಕೇ.

ಏರುದಾರಿ

ಎಲ್ಲರೂ ಸೇರಿ ಡೀಸೆಲ್ಲನ್ನ ಹೂತುಬಿಟ್ರಿ. ಐದು ಜನ, ಸಾಮಾನು, ಎಸಿ, ಏರು ಅಂತ ಅವರೇ ಬರೆದಿದ್ದಾರೆ, ಅದನ್ನೂ ನೋಡೋಣ.

ಕಾರು 1,050 ಕೆಜಿ, ಜನ 350, ಸಾಮಾನು 100. ಒಟ್ಟು 1,500 ಕೆಜಿ. 100 ಮೀಟರಿಗೆ 8 ಮೀಟರ್ ಏರೋ ರಸ್ತೆ, 50 ಕಿ.ಮೀ. ವೇಗ. ಏರೋಕೆ ಮಾತ್ರ 16 ಕಿಲೋವಾಟ್, ಟೈರ್ ಮತ್ತು ಗಾಳಿಗೆ ಮೂರೂವರೆ, ಗೇರ್‌ಬಾಕ್ಸ್ ನಷ್ಟ ಮತ್ತು ಎಸಿ ಸೇರಿಸಿ ಎಂಜಿನ್ ಮೇಲೆ 24–25 ಕಿಲೋವಾಟ್. ಈಗ ಸೂತ್ರ: ಟಾರ್ಕ್ ಗುಣಿಸು ಆರ್‌ಪಿಎಂ, ಭಾಗಿಸು 9,549, ಬಂದದ್ದು ಕಿಲೋವಾಟ್. ಆ ಪೆಟ್ರೋಲ್ ಎಂಜಿನ್ 2,000ದಲ್ಲಿ ಸುಮಾರು 100 ನ್ಯೂಟನ್ ಮೀಟರ್ ಕೊಟ್ಟರೆ 21 ಕಿಲೋವಾಟ್. ಸಾಲಲ್ಲ, ವೇಗ ಬೀಳುತ್ತೆ. ಡೀಸೆಲ್ ಅದೇ 2,000ದಲ್ಲಿ 52 ಕಿಲೋವಾಟ್. ಅರ್ಧದಷ್ಟು ಶಕ್ತಿ ಇನ್ನೂ ಬಾಕಿ, ಮುಂದಿನ ಲಾರಿಯನ್ನ ದಾಟೋಕೆ ಗೇರ್ ಇಳಿಸೋದೂ ಬೇಡ.

ಲೆಕ್ಕದ ಪುಸ್ತಕ

3,000ದಲ್ಲಿ 110 ಇದ್ರೆ 34 ಕಿಲೋವಾಟ್ ಮೇಲೆ ಆಯ್ತಲ್ಲ? ಒಂದು ಗೇರ್ ಇಳಿಸಿದ್ರೆ ಮುಗೀತು.

ಏರುದಾರಿ

ಮುಗೀತು, ಒಪ್ಪಿದೆ. ಪೆಟ್ರೋಲ್ ಏರಲ್ಲ ಅಂತ ನಾನು ಹೇಳಿಲ್ಲ, ಓಡಿಸೋ ರೀತಿ ಬೇರೆ ಅಂತ ಹೇಳಿದೆ. ಡೀಸೆಲ್ ಅಭ್ಯಾಸ ಇರೋರು ಪೆಟ್ರೋಲನ್ನ ಮೇಲಿನ ಗೇರಿನಲ್ಲೇ ಒತ್ತಿ ಒತ್ತಿ ಏರಿಸ್ತಾರೆ, "ದಮ್ಮಿಲ್ಲ" ಅಂತಾರೆ. 3,500ರ ತನಕ ಸದ್ದು ಮಾಡೋಕೆ ಬಿಡಿ, ಅದಕ್ಕೇನೂ ಆಗಲ್ಲ. ಹೌದು, ಎತ್ತರದ ಊರಿಗೆ ಹೋಗೋರು ಒಂದು ನೆನಪಿಡಿ: ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರ್ ಎತ್ತರಕ್ಕೆ ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತೆ. ಗಾಳಿಯೇ ತೆಳು. ಟರ್ಬೊ ಇದನ್ನ ಬಹುಮಟ್ಟಿಗೆ ಸರಿದೂಗಿಸುತ್ತೆ.

ಇಳಿಜಾರಿನಲ್ಲಿ ಡೀಸೆಲ್ ಎಂಜಿನ್ ಬ್ರೇಕಿಂಗ್ ಚೆನ್ನಾಗಿರುತ್ತೆ, ಅದೂ ಲಾಭ.

ಎಣ್ಣೆ ಕಡ್ಡಿ

ಇದು ಹಳೇ ನಂಬಿಕೆ. ಡೀಸೆಲ್‌ನಲ್ಲಿ ಒತ್ತಿದ ಗಾಳಿ ಸ್ಪ್ರಿಂಗಿನ ಹಾಗೆ ಪಿಸ್ಟನ್ನನ್ನ ವಾಪಸ್ ತಳ್ಳುತ್ತೆ, ಕೊಟ್ಟ ಶಕ್ತಿಯ ಹೆಚ್ಚಿನ ಪಾಲು ಹಿಂದಕ್ಕೆ ಬರುತ್ತೆ. ಪೆಟ್ರೋಲ್‌ನಲ್ಲಿ ಕಾಲು ತೆಗೆದ ಕೂಡಲೇ ಥ್ರಾಟಲ್ (ಗಾಳಿ ದಾರಿಯ ಮುಚ್ಚಳ) ಮುಚ್ಚಿ, ಎಂಜಿನ್ ನಿರ್ವಾತದ ವಿರುದ್ಧ ಎಳೆಯಬೇಕಾಗುತ್ತೆ, ಹಿಡಿತ ಅಲ್ಲಿಂದ. ಲಾರಿಗಳಿಗೆ ಪ್ರತ್ಯೇಕ ಎಕ್ಸಾಸ್ಟ್ ಬ್ರೇಕ್ (ಹೊಗೆ ದಾರಿ ತಡೆದು ಎಂಜಿನ್ ಹಿಡಿಯೋ ಸಾಧನ) ಕೂಡಿಸೋದು ಯಾಕೆ ಅಂತ ಯೋಚಿಸಿ. ಎರಡರಲ್ಲೂ ಕೆಲಸ ಮಾಡೋದು ಕೆಳಗಿನ ಗೇರ್.

ಆ ಥ್ರಾಟಲ್ಲೇ ಮೈಲೇಜ್ ಪ್ರಶ್ನೆಗೂ ಉತ್ತರ. ಪೆಟ್ರೋಲ್ ಎಂಜಿನ್ ನಿಧಾನ ಓಡುವಾಗ ಮೂಗು ಮುಚ್ಚಿಕೊಂಡು ಉಸಿರೆಳೆಯೋ ಹಾಗೆ ಗಾಳಿ ಎಳೆಯುತ್ತೆ, ಅದಕ್ಕೇ ಶಕ್ತಿ ಪೋಲು. ಡೀಸೆಲ್ ಗಾಳಿಯನ್ನ ಪೂರ್ತಿ ಬಿಟ್ಟುಕೊಂಡು, ಚಿಮ್ಮಿಸೋ ಡೀಸೆಲ್ ಅಳತೆ ಮಾತ್ರ ಬದಲಿಸುತ್ತೆ. ಜತೆಗೆ ಕಂಪ್ರೆಷನ್, ಅಂದ್ರೆ ಗಾಳಿಯನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು: ಡೀಸೆಲ್‌ನಲ್ಲಿ 15ರಿಂದ 18ಕ್ಕೆ 1, ಪೆಟ್ರೋಲ್‌ನಲ್ಲಿ 10ರಿಂದ 12. ಇನ್ನು ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್, ಪೆಟ್ರೋಲ್‌ನಲ್ಲಿ 32. ಲೀಟರ್ ಲೆಕ್ಕದಲ್ಲಿ ಕಾಣೋ ಉಳಿತಾಯದಲ್ಲಿ ಒಂದು ಭಾಗ ಎಂಜಿನ್ನಿನ ಜಾಣತನವಲ್ಲ, ದ್ರವದ ತೂಕ. ಎಥನಾಲ್ ಬೆರೆಸಿದ ಪೆಟ್ರೋಲ್ ಆದ್ರೆ ವ್ಯತ್ಯಾಸ ಇನ್ನೂ ಹಿಗ್ಗುತ್ತೆ. ಎಥನಾಲ್‌ನಲ್ಲಿ ಲೀಟರಿಗೆ 21 ಮೆಗಾಜೂಲ್ ಮಾತ್ರ. ಶೇ. 20 ಬೆರೆತಿದ್ರೆ ಲೀಟರಿನ ಶಕ್ತಿ ಶೇ. 7ರ ಹತ್ತಿರ ಇಳಿಯುತ್ತೆ.

ಹೊಸ ಲೈಸೆನ್ಸ್

1.0 ಲೀಟರ್ ಟರ್ಬೊ ಪೆಟ್ರೋಲ್ ತಗೊಂಡ್ರೆ ಎರಡರ ಗುಣವೂ ಸಿಗುತ್ತಲ್ಲ?

ಹಳೇ ಪಾನಾ

ಎಳೆತ ಸಿಗುತ್ತೆ, ಡಿಪಿಎಫ್ ತಲೆನೋವು ಇರಲ್ಲ. ಬೇರೆ ಎರಡು ಬರುತ್ತೆ. ಇವು ಹೆಚ್ಚಾಗಿ ಡೈರೆಕ್ಟ್ ಇಂಜೆಕ್ಷನ್. ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಚಿಮ್ಮೋದ್ರಿಂದ ಇನ್‌ಟೇಕ್ ವಾಲ್ವ್ ಬೆನ್ನನ್ನ ತೊಳೆಯೋರಿಲ್ಲ, ಅಲ್ಲಿ ಇಂಗಾಲ ಕಟ್ಟುತ್ತೆ. ಟ್ಯಾಂಕಿಗೆ ಹಾಕೋ ಕ್ಲೀನರ್ ಬಾಟಲಿ ಅದನ್ನ ಮುಟ್ಟೋದೇ ಇಲ್ಲ. ಮ್ಯಾನಿಫೋಲ್ಡ್ ಬಿಚ್ಚಿ, ವಾಲ್ವ್ ಮುಚ್ಚಿಟ್ಟು, ಅಕ್ರೋಟ್ ಸಿಪ್ಪೆಯ ಪುಡಿ ಊದಿ ಕೆರೆಯಬೇಕು.

ಎರಡನೆಯದು, 1,500 ಆರ್‌ಪಿಎಂಗಿಂತ ಕೆಳಗೆ ಮೇಲಿನ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತೋದು. ಕಿಡಿ ಹಾರೋ ಮೊದಲೇ ಮಿಶ್ರಣ ಹೊತ್ತಿಕೊಂಡು ಸುತ್ತಿಗೆಯಲ್ಲಿ ಹೊಡೆದ ಹಾಗೆ ಪಿಸ್ಟನ್ ಮೇಲೆ ಬೀಳುತ್ತೆ; ರಿಂಗ್ ನಡುವಿನ ದಿಣ್ಣೆ ಮುರಿಯಬಹುದು. ಆಯಿಲ್ ಹನಿಗಳೇ ಇದಕ್ಕೆ ಬೀಜ. ಅದಕ್ಕೇ ಇಂಥ ಎಂಜಿನ್ನಿಗೆ ಎಪಿಐ ಎಸ್‌ಪಿ ದರ್ಜೆಯ ಆಯಿಲ್ ಹಾಕಿ, ಗೇರ್ ಇಳಿಸಿ ಒತ್ತಿ. ಮೇಲೆ ಕೇಳಿದ 1.2 ಟರ್ಬೊ ಇಲ್ಲದ್ದು. ಅದು ಮ್ಯಾನಿಫೋಲ್ಡ್‌ನಲ್ಲಿ ಇಂಜೆಕ್ಟರ್ ಇರೋ ಪೋರ್ಟ್ ಇಂಜೆಕ್ಷನ್ ಆದ್ರೆ, 3–4 ಬಾರ್ ಒತ್ತಡದ ಬಡಪಾಯಿ, ಈ ಎರಡೂ ಕಾಟ ಇಲ್ಲ. ಡೀಸೆಲ್ ಕಾಮನ್ ರೈಲ್‌ನಲ್ಲಿ (ಎಲ್ಲ ಇಂಜೆಕ್ಟರಿಗೂ ಡೀಸೆಲ್ ಕೊಡೋ ಒಂದೇ ಕೊಳವೆ) 1,600ರಿಂದ 2,000 ಬಾರ್, ಕೆಲವದರಲ್ಲಿ ಇನ್ನೂ ಮೇಲೆ. ಅಷ್ಟು ಒತ್ತಡ ಹಿಡಿಯೋ ಇಂಜೆಕ್ಟರಿಗೆ ಒಂದು ಹನಿ ನೀರೂ ಶತ್ರು.

ಎಣ್ಣೆ ಕಡ್ಡಿ

ನೀರಿನ ಮಾತು ಬಂತು. ಡೀಸೆಲ್ ಫಿಲ್ಟರ್ ತಳದಲ್ಲಿ ಒಂದು ಡ್ರೈನ್ ಸ್ಕ್ರೂ ಇರುತ್ತೆ. ಕೆಳಗೆ ಗಾಜಿನ ಲೋಟ ಹಿಡಿದು ಅರ್ಧ ಸುತ್ತು ಸಡಿಲಿಸಿ. ಲೋಟದಲ್ಲಿ ಗೆರೆ ಎಳೆದ ಹಾಗೆ ಎರಡು ಪದರ ಕಂಡ್ರೆ, ಕೆಳಗಿನದು ನೀರು. ಬರೀ ಡೀಸೆಲ್ ಬರೋ ತನಕ ಬಿಡಿ. ಫಿಲ್ಟರನ್ನ ಮ್ಯಾನ್ಯುಯಲ್ ಹೇಳಿದ ಕಿ.ಮೀ.ಗೆ ಬದಲಿಸಿ, ಹೊಸದು ಕೂರಿಸಿದ ಮೇಲೆ ಪ್ರೈಮ್ ಮಾಡಿ ಗಾಳಿ ತೆಗೆಯದೆ ಸೆಲ್ಫ್ ಹೊಡೀತಾ ಕೂರಬೇಡಿ, ಪಂಪ್ ಒಣಗಿ ತಿರುಗುತ್ತೆ.

ಪಂಪ್‌ಗೆ ಡೀಸೆಲ್ಲೇ ಕೀಲೆಣ್ಣೆ. ಹಾಗಾಗಿ ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಬಿದ್ರೆ ಲೋಹಕ್ಕೆ ಲೋಹ ಉಜ್ಜಿ, ಚೂರು ಇಡೀ ಲೈನಿಗೆ ಹರಡುತ್ತೆ. ಪೆಟ್ರೋಲ್ ಗನ್ನಿನ ಮೂತಿ ಸಾಮಾನ್ಯವಾಗಿ 21 ಮಿ.ಮೀ., ಡೀಸೆಲ್‌ನದು 25ರ ಹತ್ತಿರ. ಪೆಟ್ರೋಲ್ ಗನ್ ಡೀಸೆಲ್ ಕಾರಿಗೆ ಸಲೀಸಾಗಿ ಹೋಗುತ್ತೆ, ತಪ್ಪು ಆಗೋದು ಹೆಚ್ಚಾಗಿ ಈ ದಿಕ್ಕಿನಲ್ಲೇ. ಗೊತ್ತಾದ ಕೂಡಲೇ ಇಗ್ನಿಷನ್ ಕೂಡ ಆನ್ ಮಾಡಬೇಡಿ. ಕೀ ತಿರುಗಿಸಿದ್ರೇನೇ ಟ್ಯಾಂಕ್ ಪಂಪ್ ಓಡಿ ಮುಂದಕ್ಕೆ ತಳ್ಳುತ್ತೆ. ನ್ಯೂಟ್ರಲ್‌ಗೆ ಹಾಕಿ ತಳ್ಳಿ ಪಕ್ಕಕ್ಕೆ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿಸಿ.

ಆಡ್‌ಬ್ಲೂ ಇರೋ ಮಾಡೆಲ್ ಆದ್ರೆ ಅದು ಬೇರೆ ಟ್ಯಾಂಕು, ಹೊಗೆಯ ನೈಟ್ರೋಜನ್ ಆಕ್ಸೈಡ್ ತಗ್ಗಿಸೋ ಶೇ. 32.5 ಯೂರಿಯಾ ದ್ರಾವಣ. ಖಾಲಿಯಾಗಿ ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗೋಕೆ ಬಿಡಲ್ಲ. ಅದನ್ನ ಡೀಸೆಲ್ ಟ್ಯಾಂಕಿಗೆ ಸುರಿದ್ರೆ ಪೆಟ್ರೋಲ್ ಸುರಿದಿದ್ದಕ್ಕಿಂತ ಕೆಟ್ಟದು.

ಎರಡನೇ ಓನರ್

ಹಳೇ ಕಾರು ನೋಡ್ತಿರೋರಿಗೆ ಒಂದು ಮಾತು. ಡಿಪಿಎಫ್ ಸರಿ ಇರೋ ಡೀಸೆಲ್ ಕಾರಿನ ಸೈಲೆನ್ಸರ್ ಬಾಯಿಯ ಒಳಗೆ ಬೆರಳು ಹಾಕಿ ಉಜ್ಜಿದ್ರೆ ಹೆಚ್ಚೆಂದರೆ ಬೂದು ಧೂಳು ಹತ್ತಬೇಕು. ಕಾಡಿಗೆಯಂತೆ ಕಪ್ಪು ಹತ್ತಿದ್ರೆ ಒಳಗಿನ ಜೇನುಗೂಡು ಬಿರುಕು ಬಿಟ್ಟಿದೆ, ಇಲ್ಲ ಯಾರೋ ಒಡೆದು ತೆಗೆದು ಖಾಲಿ ಡಬ್ಬ ಇಟ್ಟಿದ್ದಾರೆ. ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳೋರು ನೀವು.

ಸ್ಕ್ಯಾನರ್ ಹಾಕಿಸಿ ಮೂರು ಅಂಕಿ ಕೇಳಿ: ಮಸಿ ಎಷ್ಟು ಗ್ರಾಂ, ಕೊನೆಯ ರೀಜನರೇಷನ್ ಆಗಿ ಎಷ್ಟು ಕಿ.ಮೀ., ಬೂದಿ ಎಷ್ಟು. ಕ್ಲಚ್ಚನ್ನೂ ನೋಡಿ. ಡೀಸೆಲ್‌ನಲ್ಲಿ ಸಾಮಾನ್ಯವಾಗಿ ಡ್ಯುಯಲ್ ಮಾಸ್ ಫ್ಲೈವೀಲ್ (ನಡುಕ ತಗ್ಗಿಸೋ ಎರಡು ತುಂಡಿನ ಚಕ್ರ) ಇರುತ್ತೆ. ಎಂಜಿನ್ ಆಫ್ ಮಾಡುವಾಗ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು ಬಂದ್ರೆ ಅದು ಸವೆದಿದೆ. ಬರೀ ಕ್ಲಚ್ ಪ್ಲೇಟ್ ಬೆಲೆ ಹಿಡಿದು ಚೌಕಾಸಿ ಮಾಡಿದ್ರೆ ಕೆಟ್ಟಿರಿ.

ನಾಲ್ಕನೇ ಗೇರ್

ಪೆಟ್ರೋಲ್ ಕಡೆಗೆ ವಾಲಿದೆ. ಏರಿನದೊಂದೇ ಅನುಮಾನ ಉಳಿದಿದೆ. ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಲಿ?

ಏರುದಾರಿ

ಒಬ್ಬರೇ ಹೋಗಬೇಡಿ, ಐದೂ ಜನ ಕೂತು ಹೋಗಿ. ಎಸಿ ಹಾಕಿ, ಏರಿನ ನಡುವೆ ಪೂರ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಹೊರಡಿ. ಕ್ಲಚ್ ವಾಸನೆ ಬರದೆ ಹೊರಟರೆ ಪಾಸು. ಆಮೇಲೆ ಎರಡನೇ ಗೇರಿನಲ್ಲಿ 4,000 ತನಕ ಎಳೆದು, ಆ ಸದ್ದು ಮನೆಯವರಿಗೆ ಒಪ್ಪಿಗೆನಾ ಕೇಳಿ. ಎಷ್ಟೋ ಸಲ ಡೀಸೆಲ್ ಗೆಲ್ಲೋದು ಆ ಸದ್ದಿನಿಂದ.

ಹಳೇ ಪಾನಾ

ಡೀಸೆಲ್ಲನ್ನೂ ಓಡಿಸಿ ನೋಡ್ತೀರಾದ್ರೆ, ಕೀ ಇಸ್ಕೊಳ್ಳೋ ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ರೆ ಇನ್ನೊಂದು ದಿನ ಬೆಳಿಗ್ಗೆ ಬರ್ತೀವಿ ಅನ್ನಿ. ನಿಮ್ಮ 6 ಕಿ.ಮೀ. ಶುರುವಾಗೋದು ತಣ್ಣಗಿನ ಎಂಜಿನ್ನಿನಿಂದ, ಆ ಕಟಕಟ ಸದ್ದು, ಆ ನಡುಕ ದಿನಾ ಎರಡು ಸಲ ನಿಮ್ಮ ಪಾಲಿಗೆ.